ಕಾಕುವಿನ ಮುಖ, ಕಾಕಾನ ಅಂಗಿ

ಕೈಯಲ್ಲಿ ಕ್ಯಾಮೆರಾ, ತಲೆಯಲ್ಲಿ ಬಿ.ಎಸ್ಸಿ. ಭೌತಶಾಸ್ತ್ರ ಇದ್ದರೆ ಇಂಥವು ಆಗುತ್ತಲೇ ಇರುತ್ತವೆ.

ಶಹಾಬಾದಿನ ನಮ್ಮ ಪಕ್ಕದ ಮನೆಯ ಕಾಕಾ ಭಂಕೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹೊಡೆಯುವವರು. ಮೈಬಣ್ಣ ಬಿಳಿ, ತಲೆಗೂದಲು ಬಿಳಿ, ಅಂಗಿಯೂ ಬಿಳಿ. ಅವರ ಹೆಂಡತಿ ಕಾಕು ಕಪ್ಪು. ಲಗ್ನದ ದಿನದಿಂದ ಇಂದಿನವರೆಗೆ ಎಲ್ಲ ಫೋಟೊಗಳಲ್ಲೂ ಕಾಕಾ ಹೊಳೆಯುತ್ತಾರೆ, ಕಾಕು ಬರೀ ನೆರಳು. ಚಿಂಚೋಳಿಯ ಮಗಳ ಮನೆ ಗೋಡೆಗೆ ಇಬ್ಬರದೂ ಒಂದು ಫೋಟೊ ಬೇಕು, ಅದರಲ್ಲಿ ತನ್ನ ಮುಖ ಮೊಮ್ಮಗಳಿಗೆ ಗುರುತು ಸಿಗಬೇಕು. ಕಾಕುವಿನ ಆಸೆ ಇಷ್ಟೇ. ಹೊಣೆ ನನ್ನ ಮೇಲೆ ಬಿತ್ತು.

೧. ಆಟೋ

ಚಂದ್ರಂಪಳ್ಳಿ ಡ್ಯಾಮಿನ ನೀರಿನ ಮುಂದೆ ಇಬ್ಬರನ್ನೂ ನಿಲ್ಲಿಸಿದೆ. ಬೆಳಕಿನ ಲೆಕ್ಕ ಕ್ಯಾಮೆರಾವೇ ಮಾಡಲಿ ಎಂದು ಆಟೋದಲ್ಲಿಟ್ಟೆ. ಅದು ನೀರಿನ ಹೊಳಪನ್ನೂ ಕಾಕಾನ ಅಂಗಿಯನ್ನೂ ಕಂಡು, ಬೆಳಕು ಹೆಚ್ಚಾಯಿತೆಂದು ಉಳಿದದ್ದನ್ನೆಲ್ಲ ಕಪ್ಪು ಮಾಡಿತು.

ಕಾಕು ನೋಡಿ, "ಸೀರಿ ನಂದೇ ಅದ. ಒಳಗ ಯಾರದಾರ?" ಎಂದರು.

ನಾನು ಕಾರಣ ವಿವರಿಸಿದೆ.

"ಹಂಗಾರ ಇದೂ ಬಿಳಿ ಅಂಗಿಯವರಿಗೇ ಸಲಾಮ್ ಹೊಡಿತದ ಅನ್ನು."

೨. ಮ್ಯಾನುಯಲ್

ಮಳಖೇಡದ ಕೋಟೆಯಲ್ಲಿ ಎಲ್ಲವನ್ನೂ ಕೈಯಾರೆ ಹೊಂದಿಸಿದೆ. ಮುಗಿಯುವಷ್ಟರಲ್ಲಿ ಮೋಡ ಬಂತು. ಮತ್ತೆ ಹೊಂದಿಸಿದೆ. ಮೋಡ ಹೋಯಿತು.

"ತಮ್ಮಾ, ಇನ್ನಾ ಎಷ್ಟೊತ್ತು ನಗಬೇಕೋ? ಲಗ್ನದಾಗೂ ನಾ ಇಷ್ಟು ನಕ್ಕಿಲ್ಲ" ಎಂದರು ಕಾಕು.

ಕೊನೆಗೆ ಬೆಳಕು ಕರಾರುವಾಕ್ಕಾಗಿ ಕೂಡಿತು. ಗುಂಡಿ ಒತ್ತುವ ಹೊತ್ತಿಗೆ ಕಾಕಾ ಆಕಳಿಸಿದರು, ಕಾಕು ಅವರನ್ನು ಬೈಯಲು ಅತ್ತ ತಿರುಗಿದರು. ತುರುಬಿನ ಒಂದೊಂದು ಕೂದಲೂ ಸ್ಪಷ್ಟವಾಗಿ ಬಂದಿದೆ.

೩. ಕಂಪ್ಯೂಟರ್

ಕಾಕಾ ನನ್ನ ಮೇಲಿನ ಭರವಸೆ ಬಿಟ್ಟು, ಡ್ಯಾಮಿನ ಫೋಟೊವನ್ನೇ ವಾಡಿಯ ಒಂದು ಸ್ಟುಡಿಯೊಗೆ ಒಯ್ದರು. ಅಲ್ಲಿ ಕಾಕುವಿನ ಮುಖವನ್ನು ಹಾಲಿನಂತೆ ಬೆಳ್ಳಗೆ ಮಾಡಿಕೊಟ್ಟರು.

"ಭಾಳ ಚೆಂದ ಅದಾಳ" ಎಂದರು ಕಾಕು. "ನನ್ನ ಸೀರಿ ಉಡಿಸಿ ಇಕಿನ್ನ ಯಾವಾಗ ಕರಕೊಂಡು ಹೋಗಿದ್ರಿ?"

ಕಾಕಾನಿಗೆ ಅವತ್ತು ಊಟ ತಡವಾಯಿತು.

೪. ಮುಖ

ಮರುದಿನ ಕಾಕಾ ನನ್ನನ್ನು ಕರೆದು ಕೂರಿಸಿಕೊಂಡರು. "ಫರಸಿಗೂ ಒಂದು ಮುಖ ಇರ್ತದ ತಮ್ಮಾ. ಮೊದಲ ಅದನ್ನ ನೋಡಬೇಕು, ಆಮ್ಯಾಲ ಮಷಿನ್ ಹಚ್ಚಬೇಕು. ನೀ ಮೋಡ ನೋಡಾಕತ್ತಿ, ನೀರು ನೋಡಾಕತ್ತಿ. ಅಕಿ ಮುಖ ಎಲ್ಲಿ ನೋಡಿದಿ?"

ಮುಖದ ಬೆಳಕನ್ನೇ ಅಳೆಯಬೇಕೆಂದು ಕ್ಯಾಮೆರಾ ಜೊತೆ ಬಂದ ಪುಸ್ತಕದಲ್ಲೂ ಇತ್ತು. ನಾನು ಆ ಪುಟ ದಾಟಿಬಿಟ್ಟಿದ್ದೆ.

ಅವರ ಮನೆಯ ಸುಣ್ಣದ ಗೋಡೆಯ ಮುಂದೆ ಇಬ್ಬರನ್ನೂ ಕೂರಿಸಿದೆ. ಕಾಕುವಿನ ಕೆನ್ನೆಯ ಹತ್ತಿರ ಹೋಗಿ ಅಲ್ಲಿಯ ಬೆಳಕನ್ನಷ್ಟೇ ಅಳೆದೆ. ಮ್ಯಾನುಯಲ್‌ನಲ್ಲಿ ಅದನ್ನೇ ಕಾಯಂ ಮಾಡಿ, ಹಿಂದೆ ಸರಿದು ತೆಗೆದೆ.

ಈ ಸಲ ಫೋಟೊದಲ್ಲಿ ಕಾಕು ಬಂದಿದ್ದರು. ಕಣ್ಣು, ಮೂಗುತಿ, ಗಲ್ಲದ ಹಚ್ಚೆ, ನಗು, ಎಲ್ಲ. ಅವರು ಬೆರಳಿನಿಂದ ಫೋಟೊದೊಳಗಿನ ಹಚ್ಚೆಯನ್ನು ಮೆಲ್ಲಗೆ ಮುಟ್ಟಿದರು.

ಕಾಕಾ ಬಗ್ಗಿ ನೋಡಿದರು. ಕಾಕುವಿಗೆ ಸರಿಹೋದ ಬೆಳಕು ಅವರಿಗೆ ಅತಿಯಾಗಿ, ಅಂಗಿ, ತಲೆ, ಮುಖ ಎಲ್ಲವೂ ಸುಣ್ಣದ ಗೋಡೆಯಲ್ಲಿ ಕರಗಿಹೋಗಿದ್ದವು. ಕಪ್ಪು ಬಣ್ಣ ಹಚ್ಚಿದ ಮೀಸೆ ಒಂದೇ ಗಾಳಿಯಲ್ಲಿ ನಿಂತಿತ್ತು.

"ಇದರಾಗ ನಾ ಎಲ್ಲಿ?"

ಇನ್ನೊಂದು ತೆಗೆಯಲೆಂದು ಕ್ಯಾಮೆರಾ ಎತ್ತಿದೆ. ಕಾಕು ಕೈ ಅಡ್ಡ ಹಿಡಿದರು.

"ಬ್ಯಾಡ ತಮ್ಮಾ, ಇದೇ ಇರಲಿ. ಬಾಜೂಕ ನಮ್ಮ ಮನಿಯವರೂ ಕುಂತಾರ ಅಂತ ನಾನೇ ಎಲ್ಲಾರಿಗೂ ಹೇಳ್ತೀನಿ."