ಹಾಡಹಗಲಲ್ಲಿ ಫ್ಲಾಷ್

ಕರಿಬಸವರಾಜ ದಾವಣಗೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅವನ ಹೊಟ್ಟೆಯಲ್ಲಿ ಹುಣ್ಣಿದೆಯೆಂದು ಡಾಕ್ಟರು ಹೇಳಿದ ದಿನವೇ ಹೆಂಡತಿ ನೇತ್ರಾವತಿ ಕಾನೂನು ಹೊರಡಿಸಿದ್ದಳು: "ಇನ್ಮ್ಯಾಲೆ ಮಿರ್ಚಿ ಬಜ್ಜಿ ಮುಟ್ಟಿದ ಕೈ ಕ್ಯಾಮೆರಾ ಮುಟ್ಟಂಗಿಲ್ಲ. ಮುಟ್ಟಿದ್ರೆ ಅದು ನನ್ನ ಬೀರುವಿನಾಗ ಇರ್ತೈತೆ."

ಕ್ಯಾಮೆರಾ ಅವನ ಪ್ರಾಣ. ಒಪ್ಪಿಕೊಂಡ.

ಭಾನುವಾರ ಹರಿಹರದಲ್ಲಿ ಹೆಂಡತಿಯ ಅಜ್ಜಿ ಮರುಳಸಿದ್ದಮ್ಮನಿಗೆ ತೊಂಬತ್ತು ತುಂಬಿದ ಸಡಗರ. ಸ್ಟುಡಿಯೋದವರು ಬೇಡ, ಮನೆಮಂದಿಯ ಫೋಟೋ ನಾನೇ ತೆಗೆಯುತ್ತೇನೆಂದು ಅವನು ಜಂಬದಿಂದ ಹೇಳಿದ್ದ. ನೇತ್ರಾವತಿ ಬೆಳಿಗ್ಗೆಯೇ ಹೋಗಿದ್ದಳು. ಅವನು ತಲುಪಿದ್ದು ಊಟದ ಎಲೆ ಎತ್ತಿದ ಮೇಲೆ.

"ಬಸ್ ಲೇಟು," ಎಂದ.

ಅಂಗಳದಲ್ಲಿ ಅಜ್ಜಿಯನ್ನು ನಡುವೆ ಕೂರಿಸಿ ಎಲ್ಲರೂ ಸುತ್ತ ನಿಂತರು. ಬಿಸಿಲಿಗೆ ಮುಖ ಮಾಡಿದರೆ ಅಜ್ಜಿ ಕಣ್ಣೇ ಬಿಡುತ್ತಿರಲಿಲ್ಲ. ಹಾಗಾಗಿ ಇಳಿಬಿಸಿಲು ಎಲ್ಲರ ಬೆನ್ನಿಗಿತ್ತು. ಮೊದಲ ಫೋಟೋದಲ್ಲಿ ಮುಖಗಳೆಲ್ಲ ರೊಟ್ಟಿ ಹಂಚಿನ ತಳದಂತೆ ಕಪ್ಪಗೆ ಬಿದ್ದವು. ಕರಿಬಸವರಾಜ ಗುಂಡಿ ಒತ್ತಿ ಕ್ಯಾಮೆರಾದ ತಲೆಯೊಳಗಿನ ಪುಟ್ಟ ಫ್ಲಾಷ್ ಎಬ್ಬಿಸಿದ.

"ಭಾವ, ಹಾಡಹಗಲಲ್ಲಿ ಫ್ಲಾಷ್ ಯಾಕ್ರಿ?" ನೇತ್ರಾವತಿಯ ತಮ್ಮ ಶಿವಕುಮಾರ ನಕ್ಕ. "ಸೂರ್ಯಂಗೆ ಬ್ಯಾಟ್ರಿ ಬಿಟ್ಟಂಗಾತು."

"ನೆರಳು ತುಂಬಾಕಪ್ಪ. ಸುಮ್ನೆ ನಿಂತ್ಕ."

ಫ್ಲಾಷ್ ಮಿಂಚಿತು. ಪಕ್ಕದ ಮನೆ ನಾಗಕ್ಕ ಕ್ಯಾಮೆರಾದ ಪರದೆಗೆ ಬಗ್ಗಿ ನೋಡಿದಳು. "ಅಳಿಯಂದ್ರೆ, ನಮ್ಮಜ್ಜಿ ಮಾರಿಗೆ ಸುಣ್ಣ ಹೊಡ್ದೀರೇನ್ರಿ?"

ಅವನು ಎರಡು ಹೆಜ್ಜೆ ಹಿಂದೆ ಸರಿದು, ಫ್ಲಾಷಿಗೆ ಕರವಸ್ತ್ರ ಸುತ್ತಿದ. ಮುಖಗಳು ಮತ್ತೆ ಹಂಚಿನ ತಳಕ್ಕೆ ಹೋದವು.

"ಸ್ಟುಡಿಯೋದವರಿಗೆ ಫೋನ್ ಹಚ್ಲೇನ್ರಿ ಭಾವ?"

ಮರ್ಯಾದೆ ಕೈಬಿಡುವ ಹೊತ್ತು. ಕರಿಬಸವರಾಜ ಕ್ಯಾಮೆರಾ ಚೀಲದ ಬದಿಯ ಜೇಬಿಗೆ ಕೈ ಹಾಕಿದ. ಕೈ ಒಂದು ಗಳಿಗೆ ಅಲ್ಲೇ ನಿಂತಿತು. ಅತ್ತಿತ್ತ ನೋಡಿ, ಮಡಿಚಿದ ಬಿಳಿ ಕಾಗದವೊಂದನ್ನು ತೆಗೆದ. ಅದನ್ನು ಕಮಾನಿನಂತೆ ಬಾಗಿಸಿ ಫ್ಲಾಷಿನ ಮುಂದೆ ಹಿಡಿದು ಒತ್ತಿದ.

ಎಲ್ಲರೂ ಪರದೆಗೆ ಮುತ್ತಿಕೊಂಡರು. ಅಜ್ಜಿಯ ಮುಖದ ಒಂದೊಂದು ಗೆರೆಯೂ ಬೆಣ್ಣೆಯ ಮೇಲೆ ಎಳೆದಂತೆ ಮೂಡಿತ್ತು. ಬೆಳ್ಳಿ ಕೂದಲಿನ ಅಂಚಿಗೆ ಹಿಂದಿನ ಬಿಸಿಲು ಜರಿ ಕಟ್ಟಿತ್ತು.

"ಭೇಷ್," ಎಂದರು ಮಾವ ಶಿವಯೋಗಪ್ಪ. ಅಳಿಯನಿಗೆ ಅವರು ಈ ಮಾತು ಹೇಳಿದ್ದು ಮದುವೆಯಾದ ಮೇಲೆ ಇದೇ ಮೊದಲು. "ಮುಂದಿನ ಸಲ ಯಾವ ಸ್ಟುಡಿಯೋನೂ ಬ್ಯಾಡ."

ನೇತ್ರಾವತಿ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು. ಶಿವಕುಮಾರನ ದನಿಯೂ ತಗ್ಗಿತ್ತು. "ಹೆಂಗೆ ಮಾಡಿದ್ರಿ ಭಾವ? ಬರೇ ಕಾಗದ ಅಲ್ಲೇನ್ರಿ ಅದು?"

ಇಲ್ಲಿಗೆ ಸುಮ್ಮನಾಗಿದ್ದರೆ ಆಗುತ್ತಿತ್ತು. ಆದರೆ ಅವನೊಳಗಿನ ಮೇಷ್ಟ್ರು ಎಚ್ಚರಗೊಂಡಿದ್ದರು.

"ಬರೇ ಕಾಗದ ಅಲ್ಲಪ್ಪ. ಒಣ ಕಾಗದದಾಗ ನಾರಿನ ಸಂದೀಲಿ ಗಾಳಿ ಇರ್ತೈತೆ, ಬೆಳಕನ್ನ ವಾಪಸ್ ಕಳಸ್ತೈತೆ. ಆ ಸಂದಿಗೆ ಎಣ್ಣೆ ಇಳೀತು ಅನ್ನು, ಬೆಳಕು ಮೆತ್ತಗೆ ದಾಟ್ತೈತೆ. ಎಣ್ಣೆ ಎಷ್ಟು ಹದವಾಗಿ ಹೀರೈತೆ ನೋಡು."

ಕಾಗದವನ್ನು ಬಿಸಿಲಿಗೆ ಹಿಡಿದು ತೋರಿಸಿದ. ನೇತ್ರಾವತಿ ಹತ್ತಿರ ಬಂದಳು.

"ರೀ, ಯಾವ ಎಣ್ಣೆ?"

ಕರಿಬಸವರಾಜ ಕಾಗದವನ್ನು ಬೇಗಬೇಗ ಮಡಿಚತೊಡಗಿದ. ಅಜ್ಜಿ ಕುರ್ಚಿಯಿಂದಲೇ ಕೈ ಚಾಚಿ ಕಾಗದ ತೆಗೆದುಕೊಂಡು ಮೂಸಿದಳು. "ಓಂಕಾಳು ಹಾಕ್ಯಾರೆ. ನಮ್ಮ ದಾವಣಗೆರೆ ಬಸ್ ಸ್ಟ್ಯಾಂಡಿನ ಮಿರ್ಚಿ ಇದು. ಬಿಸೀದೇ ತಿಂದಾನೆ ಪಾಪ."

ಬಸ್ಸು ಯಾಕೆ ಲೇಟಾಯಿತೆಂದು ಯಾರೂ ಕೇಳಲಿಲ್ಲ. ಕ್ಯಾಮೆರಾದ ಪಟ್ಟಿ ಅವನ ಕೊರಳಿನಿಂದ ನೇತ್ರಾವತಿಯ ಹೆಗಲಿಗೆ ಹೋಯಿತು.

"ಬೀರುವಿಗೆ ಹೋಗೋಕೆ ಮುಂಚೆ ಒಂದು," ಎಂದಳು ಅವಳು. "ನೀವೊಬ್ರೇ ಫೋಟೋದಾಗ ಇಲ್ಲ. ನಿಂತ್ಕಳ್ರಿ."

ಅಜ್ಜಿಯಿಂದ ಕಾಗದ ಇಸಿದುಕೊಂಡು, ಕಮಾನಿನಂತೆ ಬಾಗಿಸಿ ಒತ್ತಿದಳು. ಕಳ್ಳತನದಲ್ಲಿ ಸಿಕ್ಕಿಬಿದ್ದ ಗಂಡನ ಮುಖ ಒಂಚೂರೂ ನೆರಳಿಲ್ಲದೆ, ಒಂದು ಗೆರೆಯೂ ತಪ್ಪದೆ ಮೂಡಿತ್ತು.

ಕರಿಬಸವರಾಜ ಇಣುಕಿ ನೋಡಿದ. ಬೆಳಕು ಮಾತ್ರ ಬಹಳ ಚೆನ್ನಾಗಿ ಬಂದಿತ್ತು.