ಹೆದ್ದಾರಿ ಪಕ್ಕದ ಕಿನ್ನರಿ

ಮೌನವನ್ನು ಹೊಗಳುವವರೆಲ್ಲ ಹೆದ್ದಾರಿಯಿಂದ ದೂರ ಮನೆ ಕಟ್ಟಿಕೊಂಡವರೇ ಇರಬೇಕು. ಅರಿಶಿನಕುಂಟೆಯಲ್ಲಿ ‘ರಸ್ತೆಗೆ ಹತ್ತಿರ’ ಎಂಬ ಒಂದೇ ಆಸೆಗೆ ಸೈಟು ಕೊಂಡ ನಾನು ಆ ವಿಷಯ ಮಾತಾಡುವ ಹಕ್ಕನ್ನು ಅಂದೇ ಕಳೆದುಕೊಂಡೆ. ಟೀವಿಯಲ್ಲಿ ವಾರ್ತೆ ಓದುವವರ ತುಟಿ ನೋಡಿಯೇ ಅರ್ಧ ಸುದ್ದಿ ತಿಳಿದುಕೊಳ್ಳುವ ವಿದ್ಯೆ ನನಗೂ ನನ್ನ ಹೆಂಡತಿ ಸರಳಾಗೂ ಸಿದ್ಧಿಸಿಬಿಟ್ಟಿದೆ. ಇಂಥ ಮನೆಯಲ್ಲಿ ನಮ್ಮ ಮಗಳು ಹೇಮಾ ಕಿನ್ನರಿ ನುಡಿಸುತ್ತಾಳೆ.

ಕಿನ್ನರಿಯನ್ನು ನೀವು ಹಳೆಯ ದೇವಸ್ಥಾನದ ಕಲ್ಲುಗಳಲ್ಲಿ ನೋಡಿರಬಹುದು. ಒಂದು ಕೋಲು, ಅದರ ಮೇಲೆ ತಂತಿ, ಕೆಳಗೆ ಸೋರೆಬುರುಡೆಗಳು. ವೀಣೆಗೆ ಅಜ್ಜಿ ಸಮಾನ ಎನ್ನುತ್ತಾಳೆ ಮಗಳು. ದನಿಯೂ ಅಜ್ಜಿಯದೇ: ಪಕ್ಕದಲ್ಲಿ ಯಾರಾದರೂ ಚಕ್ಕುಲಿ ಕಡಿದರೆ ರಾಗ ಮುಳುಗಿಹೋಗುತ್ತದೆ. ವಾರವೆಲ್ಲ ಸೋಂಪುರದ ಕಾರ್ಖಾನೆಯಲ್ಲಿ ಬೇರಿಂಗು ಪರೀಕ್ಷಿಸಿ, ಭಾನುವಾರ ಬಸ್ಸು ಹತ್ತಿ ದೊಡ್ಡಬಳ್ಳಾಪುರದ ಗುರುಗಳ ಮನೆಗೆ ಹೋಗಿ ಕಲಿತವಳು ಅವಳು. ‘ಗಿಟಾರ್ ಕಲಿಬಹುದಿತ್ತಲ್ಲ, ಗಟ್ಟಿಯಾಗಿ ಕೇಳ್ಸುತ್ತೆ’ ಎಂದು ನಾನು ಒಮ್ಮೆ ಹೇಳಿ, ಎರಡು ದಿನ ನನಗೆ ನಾನೇ ಕಾಫಿ ಮಾಡಿಕೊಂಡಿದ್ದೆ.

ಹೀಗಿರುವಾಗ ನಗರದ ಒಂದು ಸಂಸ್ಥೆ, ಪ್ರಾಚೀನ ವಾದ್ಯ ನುಡಿಸುವ ಯುವಕಲಾವಿದರಿಗೆ ಸ್ಪರ್ಧೆ ಏರ್ಪಡಿಸಿತು. ಗೆದ್ದವರಿಗೆ ಒಂದು ವರ್ಷದ ಸಹಾಯಧನ. ಕೆಲಸ ಬಿಟ್ಟು ಗುರುಗಳ ಬಳಿಯೇ ಕಲಿಯಬಹುದು. ವಯಸ್ಸಿನ ಮಿತಿಯ ಪ್ರಕಾರ ಹೇಮಾಗೆ ಇದೇ ಕೊನೆಯ ಅವಕಾಶ. ಮೊದಲ ಸುತ್ತಿಗೆ ಹತ್ತು ನಿಮಿಷದ ವಿಡಿಯೋ ಕಳಿಸಬೇಕು. ಮೈಕು ಕೂಡದು, ಕತ್ತರಿಸಿ ಅಂಟಿಸುವುದು ಕೂಡದು.

‘ಗದ್ದಲದ ವಿಷಯ ನಂಗೆ ಬಿಡು’ ಎಂದೆ. ಹಾಗೆ ಹೇಳಬಾರದಿತ್ತು. ಶನಿವಾರ ಬೆಳಿಗ್ಗೆ ಕಿಟಕಿಗಳಿಗೆ ಕಂಬಳಿ ಹೊದಿಸಿದೆ, ಫ್ಯಾನು ನಿಲ್ಲಿಸಿದೆ, ಫ್ರಿಜ್ಜಿನ ಪ್ಲಗ್ಗು ಕಿತ್ತೆ. ಹೇಮಾ ಶುರು ಮಾಡಿದಳು. ಲಾರಿಯೊಂದು ಹಾರ್ನ್ ಹೊಡೆಯಿತು. ಮತ್ತೆ ಶುರು ಮಾಡಿದಳು. ಪಕ್ಕದ ಮನೆಯ ಕುಕ್ಕರ್ ಕೂಗಿತು. ನಾನು ಓಡಿಹೋಗಿ, ‘ಹತ್ತು ನಿಮಿಷ ಬೇಳೆ ಬೇಯಿಸ್ಬೇಡಿ ತಾಯಿ’ ಎಂದು ಕೈ ಮುಗಿದು ಬಂದೆ. ಸಂಜೆಯ ಹೊತ್ತಿಗೆ ಹೇಮಾ ಎಲ್ಲ ರೆಕಾರ್ಡಿಂಗ್‌ಗಳನ್ನು ಕೇಳಿಸಿದಳು. ಹಾರ್ನು ದೂರದಲ್ಲಿತ್ತು, ಕುಕ್ಕರೂ ಅಷ್ಟೇನೂ ಇರಲಿಲ್ಲ. ಎಲ್ಲದಕ್ಕಿಂತ ಜೋರಾಗಿ, ಹಾವು ಬುಸುಗುಟ್ಟಿದಂತೆ, ‘ಶ್ಶ್! ಶ್ಶ್!’ ಎಂಬ ಸದ್ದು. ಅದು ನಾನು.

‘ಫ್ರಿಜ್ಜಲ್ಲಿದ್ದ ಹಾಲೂ ಒಡೆದೋಯ್ತು’ ಎಂದು ಸರಳಾ ಸೇರಿಸಿದಳು.

ಮರುದಿನವೇ ಕೊನೆಯ ದಿನ. ನೆಲಮಂಗಲದಲ್ಲಿ ಹಾಸಿಗೆ ಅಂಗಡಿ ಇಟ್ಟಿರುವ ಗೆಳೆಯ ರಹಮತ್‌ಗೆ ಫೋನಿನಲ್ಲಿ ಗೋಳು ತೋಡಿಕೊಂಡೆ. ‘ಅರೆ, ನಮ್ಮ ಗೋಡೌನ್‌ಗೆ ಬನ್ನಿ ಗುರು. ಸುತ್ತ ಹತ್ತೀನೇ ಇರೋದು. ಒಳಗೆ ಕಿರುಚಿದ್ರೂ ಹೊರಗೆ ಕೇಳ್ಸಲ್ಲ’ ಎಂದ.

ಹೋದೆವು. ಸೂರಿನವರೆಗೆ ಹಾಸಿಗೆಗಳ ರಾಶಿ. ಬಾಗಿಲು ಹಾಕಿದೊಡನೆ ಕಿವಿಗೆ ಹತ್ತಿ ತುರುಕಿದಂಥ ನಿಶ್ಶಬ್ದ. ಗೆದ್ದೆ ಎಂದುಕೊಂಡು ಮಗಳ ಮುಖ ನೋಡಿದರೆ ಅವಳು ಬೆವರುತ್ತಿದ್ದಾಳೆ! ನಾಲ್ಕು ಸ್ವರ ನುಡಿಸಿ ನಿಲ್ಲಿಸಿದಳು. ಮತ್ತೆ ಹಿಡಿದಳು, ಮತ್ತೆ ನಿಲ್ಲಿಸಿದಳು.

‘ಏನಾಯ್ತಮ್ಮ?’

‘ಆಗ್ತಿಲ್ಲ ಅಪ್ಪ. ಗುರುಗಳ ಮನೆ ಎರಡೂ ಪಕ್ಕ ಮಗ್ಗ ಬಡಿಯುತ್ತೆ. ಮನೇಲಿ ಲಾರಿ. ಇಷ್ಟು ಮೌನದಲ್ಲಿ ನಾನು ಯಾವತ್ತೂ ನುಡಿಸಿಲ್ಲ. ಭಯ ಆಗತ್ತೆ.’ ಕಣ್ಣು ತುಂಬಿಕೊಂಡಿತ್ತು. ‘ನೀನು ಬೇರೆ ಎದುರಿಗೆ ನಿಂತು ಉಸಿರು ಬಿಗಿಹಿಡಿದಿದ್ದೀಯ. ಒಂಚೂರು ಹೊರಗೆ ಹೋಗ್ತೀಯಾ?’

ಹೊರಗೆ ಬಂದು ಬಾಗಿಲಲ್ಲಿ ನಿಂತೆ. ಅಷ್ಟರಲ್ಲಿ ರಹಮತ್‌ನ ತಾಯಿ ಜೈತೂನಮ್ಮ ಕೈಯಲ್ಲಿ ಅರ್ಧ ಹೊಲಿದ ರಜಾಯಿ ಹಿಡಿದು ಬಂದರು. ತಡೆಯಲು ಹೋದರೆ, ‘ನಮ್ಮ ಗೋಡೌನ್‌ಗೆ ನಂಗೇ ಹೋಗ್ಬೇಡ ಅಂತೀಯಲ್ಲಪ್ಪಾ!’ ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿಬಿಟ್ಟರು. ಬಾಗಿಲ ಸಂದಿಯಲ್ಲಿ ಅವರ ಮಾತು ಕೇಳಿಸಿತು: ‘ಬಜಾವ್ ಬೇಟಿ, ನುಡಿಸು. ನಾನು ನನ್ನ ಪಾಡಿಗೆ ಹೊಲೀತಾ ಇರ್ತೀನಿ.’ ಆಮೇಲೆ ಬಾಗಿಲು ಮುಚ್ಚಿಕೊಂಡಿತು. ನನಗೆ ಏನೂ ಕೇಳಿಸಲಿಲ್ಲ.

ತುಂಬಾ ಹೊತ್ತಿನ ಮೇಲೆ ಇಬ್ಬರೂ ನಗುತ್ತಾ ಹೊರಬಂದರು. ವಿಡಿಯೋದ ನಡುವೆ ಒಂದು ಕಡೆ ಜೈತೂನಮ್ಮನ ‘ವಾಹ್!’ ಇತ್ತು, ಇನ್ನೊಂದು ಕಡೆ ಕತ್ತರಿ ನೆಲಕ್ಕೆ ಬಿದ್ದ ಸದ್ದು. ‘ಇದನ್ನ ಕಳಿಸ್ತೀಯಾ?’ ಎಂದೆ ಗಾಬರಿಯಿಂದ. ‘ಇಷ್ಟು ಚೆನ್ನಾಗಿ ನಾನು ಇನ್ನೊಂದ್ಸಲ ನುಡಿಸಲ್ಲ’ ಎಂದು ಅಲ್ಲೇ ಕಳಿಸಿಬಿಟ್ಟಳು.

ಆ ವಿಡಿಯೋನೇ ಆಯ್ಕೆಯಾಯಿತು. ಎರಡನೆಯ ಸುತ್ತು ನಗರದ ಸಭಾಂಗಣದಲ್ಲಿ, ತೀರ್ಪುಗಾರರ ಎದುರಿಗೆ ನಡೆಯಿತು. ಅವಳು ಜೈತೂನಮ್ಮನನ್ನು ಕರೆದೊಯ್ದು ಮೊದಲ ಸಾಲಿನಲ್ಲಿ ಕೂರಿಸಿದಳು. ನನ್ನನ್ನು ಕಾರು ನಿಲ್ಲಿಸಲು ಜಾಗ ಹುಡುಕಲು ಕಳಿಸಿದಳು. ಬೆಂಗಳೂರಿನಲ್ಲಿ ಜಾಗ ಸಿಗುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಸಹಾಯಧನ ಪಡೆದ ಮೂವರಲ್ಲಿ ನಮ್ಮ ಹೇಮಾಳೂ ಒಬ್ಬಳಾದಳು.

ಅವಳು ಕೆಲಸ ಬಿಟ್ಟ ಮರುದಿನ ಬೆಳಿಗ್ಗೆ ನಡುಮನೆಯಲ್ಲಿ ಅಭ್ಯಾಸಕ್ಕೆ ಕೂತಳು. ನಾನು ಅಭ್ಯಾಸಬಲದಿಂದ ಕಿಟಕಿ ಮುಚ್ಚಲು ಎದ್ದೆ. ‘ಅಪ್ಪ, ಕೂತ್ಕೋ’ ಎಂದಳು. ಕೂತೆ. ಸರಳಾ ಸೊಪ್ಪು ಬಿಡಿಸುತ್ತಾ ಪಕ್ಕದಲ್ಲಿ ಕೂತಳು. ಮೊದಲು ನನ್ನ ಕಿವಿ ರಸ್ತೆಯ ಕಡೆಗೇ ಇತ್ತು. ಯಾವಾಗ ಒಳಗೆ ಬಂತೋ ತಿಳಿಯಲಿಲ್ಲ. ತಂತಿಯ ಮೇಲೆ ಅವಳ ಬೆರಳು ಜಾರಿದಾಗ ಎದೆಯೊಳಗೆ ಏನೋ ಸಣ್ಣಗೆ ಎಳೆದಂತಾಯಿತು. ಹೀಗೆ ಅವಳ ಎದುರು ಸುಮ್ಮನೆ ಕೂತು ಕೇಳಿದ್ದು ಅದೇ ಮೊದಲು.

ಮುಗಿಸಿ, ‘ಹೇಗಿತ್ತು?’ ಎಂದಳು.

ಹೇಳಬೇಕಾದದ್ದು ಬಹಳ ಇತ್ತು.

‘ಇವತ್ತು ಒಂದು ಲಾರೀನೂ ಹೋಗ್ಲಿಲ್ಲ ಅಲ್ವಾ?’ ಎಂದೆ.

ಸರಳಾ ಸೊಪ್ಪಿನಿಂದ ತಲೆಯೆತ್ತಿ ನನ್ನನ್ನೇ ನೋಡಿದಳು. ‘ಹತ್ತಾದ್ರೂ ಹೋದ್ವು ಕಣ್ರೀ’ ಎಂದಳು.