ತೋಟಪ್ಪ ಮಾಸ್ತರನ ಪ್ರಶ್ನಾಸ್ತ್ರ ಪ್ರಯೋಗ

ಕಾರ್ತೀಕದ ಇಳಿಬಿಸಿಲು ಎರೆಸೀಮೆಯ ಬಿಳಿಜೋಳದ ಮೇಲೆ ಹೊನ್ನು ಸುರಿಯುತ್ತಿರಲು, ಒಕ್ಕಲುಮಕ್ಕಳು ಸಾಲುಸಾಲಿಗೆ ಎಡೆಕುಂಟೆ ಹೊಡೆಯುತ್ತಿರಲು, ದೇಶದ ಸಕಲ ಶಾಲೆಗಳಲ್ಲೂ ವಿಮರ್ಶಾತ್ಮಕ ಚಿಂತನೆಯ ಧ್ವಜ ಏರಬೇಕೆಂಬ ರಾಜಾಜ್ಞೆ ಹೊರಟಿದ್ದ ಆ ಮಹಾಯುಗದಲ್ಲಿ, ಕೇಳಿರಯ್ಯಾ, ಸೀಮೆಸುಣ್ಣಧೂಳಿಧೂಸರಿತಗಾತ್ರನೂ, ಹತ್ತಾರು ತರಬೇತಿಗಳಲ್ಲಿ ತುಟಿ ಬಿಚ್ಚದ ಮೌನವ್ರತಧುರಂಧರನೂ ಆದ ತೋಟಪ್ಪ ಮಾಸ್ತರನು ಶಿಕ್ಷಕರ ತರಬೇತಿಯ ಕೊನೆಯ ಬೆಂಚಿನಲ್ಲಿ ಕುಳಿತು, ಕಿಟಕಿಯಾಚೆ ಬಸ್ಸಿನ ಹಾದಿ ನೋಡುತ್ತಿದ್ದನು. ಮನೆಯಲ್ಲಿ ಎಮ್ಮೆಗೆ ದಿನ ತುಂಬಿತ್ತು. ಹಿಂದಿನ ಸಲ ಕರು ಹೊಟ್ಟೆಯಲ್ಲೇ ಅಡ್ಡಬಿದ್ದು ಸತ್ತಿತ್ತು. ಈ ಸಲ ನೆರವಿಗೆ ತಾನಿರಲೇಬೇಕು. ಐದರ ಬಸ್ಸು ತಪ್ಪಿದರೆ ಬೇರೆ ಬಸ್ಸಿಲ್ಲ.

ಅತ್ತ ಕರಿಹಲಗೆಯ ಮುಂದೆ ಪ್ರಚಂಡಮಾರ್ತಾಂಡನಂತೆ ನಿಂತವನು ಜಿಲ್ಲೆಯಿಂದ ಬಂದ ತರಬೇತುದಾರ ಅನಂತಪದ್ಮ. "ನಾ ಹೇಳಿದ್ದನ್ನ ಸುಮ್ಮನ ಒಪ್ಪಬ್ಯಾಡ್ರಿ, ಪ್ರಶ್ನಿ ಮಾಡ್ರಿ" ಎಂದು ಗುಡುಗಿದನು. ನೆರೆದ ಶಿಕ್ಷಕಸಮೂಹವು ಏಕಕಂಠದಿಂದ "ಆತ್ರಿ ಸರ" ಎಂದು ಒಪ್ಪಿತು. ಕೋಪಾರುಣನೇತ್ರನಾದ ಅವನು, ಒಂದು ಪ್ರಶ್ನೆಯಾದರೂ ಹುಟ್ಟುವ ತನಕ ಯಾರೂ ಏಳಕೂಡದೆಂದು ಘೋರಪ್ರತಿಜ್ಞೆ ಗೈದನು.

ಸಭೆ ಕಲ್ಲಾಯಿತು. ಏಕೆಂದರೆ ತರಬೇತಿಯೆಂಬ ರಣಭೂಮಿಗೆ ಅನಾದಿಕಾಲದ ಧರ್ಮವೊಂದುಂಟು: ಬಾಯಿಬಿಟ್ಟವನ ಕೊರಳಿಗೇ ವರದಿ ವಾಚನದ ಮಾಲೆ. ದಿನವೆಲ್ಲ ನಡೆದುದನ್ನು ಬರೆದು ತಂದು ಮರುದಿನ ಎಲ್ಲರೆದುರು ಓದಬೇಕು. ಅದಕ್ಕಂಜಿ ವೀರಾಧಿವೀರರು ಸ್ಕೆಚ್ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ, ಹಾಕಿ ತೆಗೆಯುತ್ತ ಕಾಲ ಕಳೆದರು. ಐದು ಸಮೀಪಿಸಿತು.

ಪಕ್ಕದ ಬೆಂಚಿನ ಶಿಕ್ಷಕಿ ನೀಲಗಂಗಾ ಅಕ್ಕೋರು ಮೆಲ್ಲಗೆ ತಿವಿದರು: "ಎಮ್ಮಿಗೆ ಈ ಆಜ್ಞಾ ಗೊತ್ತಿಲ್ರಿ ಮಾಸ್ತರ. ಅದು ಕಾಯೂದಿಲ್ಲ."

"ಇಷ್ಟ ತರಬೇತಿ ಉಂಡೇನಿ ಅಕ್ಕೋರ, ಒಂದರಾಗೂ ಯಾರ ಕೈಗೂ ಸಿಕ್ಕಿಲ್ಲ" ಎಂದನು ಆ ಮಾನಧನನು. "ಇವತ್ತ ಸಿಗತೇನಿ. ನಿಮ್ಮೆಲ್ಲಾರಿಗೂ ನಾನ ಬಸ್ಸ ಹಿಡಸ್ತೇನಿ, ನೋಡ್ರಿ."

ಹೀಗೆ ನುಡಿದು, ಕಡಲಿನಿಂದ ಪರ್ವತವೇಳುವಂತೆ ಎದ್ದನು. ಬೆಂಚು ಕಿರುಗುಟ್ಟಿತು.

"ಪ್ರಶ್ನಿ ಮಾಡ್ರಿ ಅಂತೀರಿ. ಮಾಡಿದವಗ ವರದಿ ಬರಿಯಾಕ ಹಚ್ಚತೀರಿ. ಹಂಗಾರ ಪ್ರಶ್ನಿ ಹೆಂಗ ಹುಟ್ಟತಾವ್ರಿ ಸರ?"

ಮೂರು ಲೋಕ ನಡುಗಿದವು. ಫ್ಯಾನು ತಡವರಿಸಿ ತಿರುಗಿತು. ಅನಂತಪದ್ಮನ ಕಣ್ಣಲ್ಲಿ ಆನಂದಬಾಷ್ಪ ಉಕ್ಕಿತು. ಇದೇ, ಇದೇ ವಿಮರ್ಶಾತ್ಮಕ ಚಿಂತನೆಯೆಂದು ಸಾರಿ, ಸಭೆಯಿಂದ ಚಪ್ಪಾಳೆ ಹೊಡೆಸಿ, ಮನದುಂಬಿ ಘೋಷಿಸಿದನು: "ಭಾಳ ಚಲೋ ಪ್ರಶ್ನಿ. ನಾಳಿ ವರದಿ ತೋಟಪ್ಪ ಸರದ್ದು."

ಬಸ್ಸೇನೋ ಸಿಕ್ಕಿತು. ತೋಟಪ್ಪನು ತೋಳೇರಿಸಿಕೊಂಡು ಕೊಟ್ಟಿಗೆಗೆ ನುಗ್ಗುವಷ್ಟರಲ್ಲಿ ಎಮ್ಮೆಯು ಯಾರ ನೆರವನ್ನೂ ಬೇಡದೆ ಈದು, ಕರುವನ್ನು ನೆಕ್ಕುತ್ತ ನಿಂತಿತ್ತು.

ಮರುದಿನ ಅವನು ಈದ ಎಮ್ಮೆಯ ಹಾಲಿನ ಗಿಣ್ಣವನ್ನು ಡಬ್ಬಿ ತುಂಬ ತಂದು ಹಂಚಿ, ಎದ್ದುನಿಂತು ವರದಿ ಓದಿದನು: "ನಿನ್ನೆ ಒಂದು ಪ್ರಶ್ನೆ ಕೇಳಲಾಯಿತು. ಉತ್ತರ ಬಾಕಿ ಇದೆ."

ಅನಂತಪದ್ಮನು ಗಿಣ್ಣದ ಎರಡನೆಯ ಹೋಳನ್ನು ಬಾಯಿಗಿಟ್ಟುಕೊಂಡು, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದನು.

"ಇಲ್ರಿ ಸರ" ಎಂದಿತು ಸಭೆ. ತೋಟಪ್ಪನ ದನಿಯೇ ಎಲ್ಲಕ್ಕಿಂತ ಜೋರಾಗಿತ್ತು.